ಕಾಕಾ, ನಿಮ್ಮ ಕಡತ ತೆರೆದೆ

ಕಾಕಾ,

ಶರಣು. ಕ್ಷೇಮವೇ ಎಂದು ಕೇಳಿದರೆ ನೀವೇ ನಗುತ್ತೀರಿ. "ಕಾಶ್ಯಾಗ ಸತ್ತವರ ಕ್ಷೇಮ ಕೇಳಬಾರದವಾ, ಅದು ಶಿವನ ಜವಾಬ್ದಾರಿ" ಎನ್ನುತ್ತಿದ್ದಿರಿ. ಹಾಗಾಗಿ ಕೇಳುವುದಿಲ್ಲ, ನನ್ನ ಸುದ್ದಿಯನ್ನೇ ಹೇಳುತ್ತೇನೆ. ನೀವು ಹೋಗಿ ಮೂರು ಚಳಿಗಾಲ ಕಳೆದವು. ಇಷ್ಟು ದಿನ ನಿಮಗೆ ಬರೆಯುವಂಥ ಸುದ್ದಿ ಒಂದೂ ಇರಲಿಲ್ಲ. ಮಠದ ಮೆಟ್ಟಿಲ ಕೆಳಗಿನ ಆ ಕಂಪ್ಯೂಟರ್ ಕೋಣೆಯಲ್ಲಿ ಏನು ಸುದ್ದಿ ಹುಟ್ಟಬೇಕು ಹೇಳಿ? ಈಗ ಒಂದು ಹುಟ್ಟಿದೆ. ಬರೆಯುವಾಗ ನಡುನಡುವೆ ನಿಮ್ಮ ಮೇಲೆ ಸಿಟ್ಟು ಬರುತ್ತದೆ. ಬಂದಲ್ಲಿ ಬಂತು ಎಂದೇ ಬರೆಯುತ್ತೇನೆ. ಎರರ್ ಬಂದರೆ ಮುಚ್ಚಿಡಬಾರದು, ಪೂರ್ತಿ ಓದಬೇಕು ಎಂದು ಕಲಿಸಿದವರು ನೀವೇ ಅಲ್ಲವೇ?

ಮೊದಲ ಸಲ ನಿಮ್ಮ ಮುಂದೆ ನಿಂತದ್ದು ನೆನಪಿದೆಯೇ? ನನಗೆ ಹದಿನಾರು. ಗದಗದ ಕಡೆಯಿಂದ ಬಂದ ಅಪ್ಪ ಮಠದ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ. ನಾನು ಇಲ್ಲೇ ಹುಟ್ಟಿ, ಇಲ್ಲಿನ ಗಲ್ಲಿಗಳಲ್ಲಿ ಹಿಂದಿಯಲ್ಲಿ ಜಗಳವಾಡಿ ಬೆಳೆದವಳು. ನೀವು ಧಾರವಾಡದವರು, ವಿಶ್ವವಿದ್ಯಾಲಯದ ಕಂಪ್ಯೂಟರ್ ಕೇಂದ್ರದಲ್ಲಿ ನೌಕರಿ, ಹಿಂದೆ ಮುಂದೆ ಯಾರೂ ಇಲ್ಲ, ಸಂಜೆಯಾದರೆ ಮಠದ ಓದುಕೋಣೆ. ನಮಗೆ ನಿಮಗೆ ರಕ್ತಸಂಬಂಧ ಏನೂ ಇರಲಿಲ್ಲ. ಆದರೆ ಈ ಊರಿನಲ್ಲಿ ಕನ್ನಡ ಮಾತಾಡುವ ಹಿರಿಯ ಗಂಡಸರೆಲ್ಲ ನಮಗೆ ಕಾಕಾ ತಾನೇ? "ಏನ್ ಓದ್ತೀ?" ಎಂದಿರಿ. "ಇಂಟರ್ ಮೇಂ ಹೂಂ", ಇಂಟರ್ ಓದುತ್ತಿದ್ದೇನೆ ಎಂದು ಹಿಂದಿಯಲ್ಲಿ ಹೇಳಿದೆ. "ಕನ್ನಡದಾಗ ಕೇಳಿದ್ರ ಕನ್ನಡದಾಗ ಹೇಳಬೇಕು. ಇಲ್ಲಾಂದ್ರ ಈ ಊರಾಗ ನಾ ಯಾರ ಕೂಡ ಮಾತಾಡ್ಲಿ?" ಎಂದು ಗದರಿದಿರಿ. ಆ ಕೊನೆಯ ಮಾತು ಅವತ್ತು ನನಗೆ ತಮಾಷೆಯಾಗಿ ಕೇಳಿಸಿತ್ತು.

ಮಠಕ್ಕೆ ಯಾರೋ ಭಕ್ತರು ಇಪ್ಪತ್ತು ಕಂಪ್ಯೂಟರ್ ಕೊಟ್ಟ ವರ್ಷವೇ ನೀವು ನಿವೃತ್ತರಾಗಿ ಮಠದಲ್ಲೇ ಬಂದು ಉಳಿದಿರಿ, ನನ್ನನ್ನು ಕಂಪ್ಯೂಟರ್ ಕೋಣೆಯ ಕೆಲಸಕ್ಕೆ ಸೇರಿಸಿದಿರಿ. ಪ್ರಾಕ್ಸಿ ಹಾಕಿದ ದಿನ ನಾನು ನಿಮ್ಮ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದೆ. "ಇದು ನಮ್ಮ ಅಗಸಿ ಬಾಗಿಲ ಇದ್ದಂಗ, ಗಿರಿಜಾ. ಒಳಗಿನ ಯಾವ ಯಂತ್ರ ಇಂಟರ್‌ನೆಟ್ಟಿಗೆ ಹೋಗಬೇಕಂದ್ರೂ ಇದರ ಮುಂದ ಹಾಯ್ದು ಹೋಗಬೇಕು. ಯಾರನ್ನ ಬಿಡಬೇಕು, ಯಾರನ್ನ ಬಿಡಬಾರದು, ಎಲ್ಲಾ ಒಂದ ಕಡತದಾಗ ಬರದಿರ್ತೈತಿ" ಎಂದಿರಿ. ತಯಾರು ಪ್ಯಾಕೇಜ್ ಸಿಗುತ್ತದಲ್ಲ, ಎರಡು ನಿಮಿಷದ ಕೆಲಸವಲ್ಲವೇ ಎಂದೆ. ನೀವು ನನ್ನನ್ನು ನೋಡಿದ ಪರಿ! "ಪ್ಯಾಟಿ ಹಿಟ್ಟಿನ್ಯಾಗ ರೊಟ್ಟಿ ಬಡದ್ರ ಅಂಚು ಹರೀತಾವ. ನಿಮ್ಮಪ್ಪನ್ನ ಕೇಳು. ಮೂಲ ತಗೊಂಡು ನಾವ ಬೀಸಬೇಕು." ಬರೆದವರು ಬರೆದ ಮೂಲವನ್ನೇ ಇಳಿಸಿಕೊಂಡು, ಬಿಚ್ಚಿ, ನಮ್ಮ ಯಂತ್ರಕ್ಕೆ ತಕ್ಕಂತೆ ಕಟ್ಟಿ, ಅದರೊಳಗೆ ನೀವು ಆರಿಸಿದ ಜಾಗದಲ್ಲೇ ಕೂರಿಸಿದಿರಿ. ಪರದೆಯ ಮೇಲೆ ಸಾಲುಗಳು ಓಡುತ್ತಿದ್ದರೆ ನೀವು ಗಲ್ಲಕ್ಕೆ ಕೈ ಹಚ್ಚಿ ಅಭಿಷೇಕ ನೋಡುವವರ ಹಾಗೆ ನೋಡುತ್ತಿದ್ದಿರಿ.

ಕಡತ ಬರೆದು ಮುಗಿಸಲು ನಿಮಗೆ ವಾರಗಳೇ ಹಿಡಿದವು. ಪ್ರತಿ ನಿಯಮದ ತಲೆಯ ಮೇಲೂ ಒಂದೊಂದು ಟಿಪ್ಪಣಿ, ಅದೂ ಕನ್ನಡದಲ್ಲಿ. ಯಂತ್ರ ಟಿಪ್ಪಣಿಯನ್ನು ಓದುವುದಿಲ್ಲ, ಮನುಷ್ಯರಿಗಾಗಿ ಬರೆಯುವುದು. ಹಾಗಿದ್ದ ಮೇಲೆ ಯಾವ ಮನುಷ್ಯರಿಗಾಗಿ ಬರೆದಿರಿ? ಮಠದಲ್ಲಿ ಕನ್ನಡ ಓದಬಲ್ಲವರು ಗದ್ದುಗೆಯ ಮೇಲಿನ ಬುದ್ಧಿಯವರು, ನೀವು, ನೀವೇ ಅಕ್ಷರ ತಿದ್ದಿಸಿದ ನಾನು. ಉಳಿದವರೆಲ್ಲ ಮಾತಿಗೆ ಮಾತ್ರ ಕನ್ನಡ. ಬರೆದಾದ ಮೇಲೆ ಕಡತಕ್ಕೆ ಬೀಗದ ಗುರುತು ಹಾಕಿದಿರಿ, ರೂಟ್ ಎಂಬ ಸರ್ವಾಧಿಕಾರಿಗೂ ಅದನ್ನು ತಿದ್ದಲು ಬಾರದಂತೆ. "ಇನ್ನ ಇದು ಕಟ್ಟು ಕಟ್ಟಿದ ಪೋಥಿ. ಹೊಸ ಯಂತ್ರ ಬಂದ್ರ ಬಾಜೂಕಿನ ಪಟ್ಟ್ಯಾಗ ಹೆಸರು ಸೇರಿಸು, ಸಾಕು. ಇದಕ್ಕ ಕೈ ಹಚ್ಚಬ್ಯಾಡ." ಮಠದಲ್ಲಿ ತಾಳೆಗರಿಯ ಕಟ್ಟುಗಳನ್ನು ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟು, ಅಧಿಕಾರ ಇದ್ದವರು ಮಾತ್ರ ಬಿಚ್ಚುವುದನ್ನು ಹುಟ್ಟಿದಾಗಿನಿಂದ ನೋಡಿದವಳು ನಾನು. ನನಗೆ ನಿಮ್ಮ ಮಾತು ವಿಚಿತ್ರ ಎನಿಸಲೇ ಇಲ್ಲ. ಸೋಮವಾರಕ್ಕೊಮ್ಮೆ ಆ ಯಂತ್ರದ ತಲೆಗೆ ವಿಭೂತಿ ಹಚ್ಚುವುದನ್ನೂ ರೂಢಿ ಮಾಡಿಕೊಂಡೆ. ಕಂಪ್ಯೂಟರ್ ಓದಿದವರು ಕೇಳಿದರೆ ನಕ್ಕಾರು.

ಕಾರ್ತಿಕ ಹುಣ್ಣಿಮೆಗೆ ದೋಣಿಯಲ್ಲಿ ದೀಪ ನೋಡಲು ಹೋದಾಗ ದೋಣಿಯವನು ಆಚೆ ದಡದ ಮರಳಿಗೆ ಮುಟ್ಟಿಸಿದ್ದ. ಎಲ್ಲರೂ ಇಳಿದೆವು, ನೀವು ಇಳಿಯಲಿಲ್ಲ. ನಿವೃತ್ತರಾದ ದಿನವೇ ಕಾಶಿಯ ಎಲ್ಲೆ ದಾಟುವುದಿಲ್ಲ ಎಂದು ನೇಮ ಹಿಡಿದಿದ್ದಿರಂತೆ. ಗಂಗೆಯ ಆ ದಡ, ರಾಮನಗರದ ಕಡೆ, ನಿಮ್ಮ ಲೆಕ್ಕದಲ್ಲಿ ಬೇರೆ ಲೋಕ. "ಈ ಕಡೆ ಸತ್ರ ಮುಕ್ತಿ. ಆ ಕಡೆ ಸತ್ರ ಕತ್ತಿ ಆಗಿ ಹುಟ್ತಾರ. ಕತ್ತಿ ಆಗೂ ಆಸೆ ಐತೇನವಾ ನಿನಗ?" ಎಂದು ದೋಣಿಯಿಂದಲೇ ಕೂಗಿ ನಗಿಸಿದಿರಿ. ನಾನು ಮರಳಲ್ಲಿ ನಿಂತು ಕತ್ತೆಯ ಹಾಗೆ ಕೂಗಿ ತೋರಿಸಿದ್ದೆ. ನೇಮ ನಿಮ್ಮದೊಬ್ಬರದೇ ಎಂದುಕೊಂಡಿದ್ದೆ ಕಾಕಾ.

ನನಗೆ ಇಪ್ಪತ್ತೇಳು ತುಂಬಿದ ವರ್ಷ ಕರ್ನಾಟಕದ ಶಾಲೆಗಳಿಗೆ ಕಂಪ್ಯೂಟರ್ ಶಿಕ್ಷಕರನ್ನು ಕರೆದಿದ್ದರು. ಬೇಸಿಗೆ ರಜೆಯಲ್ಲಿ ನಾಲ್ಕು ದಿನ ನೋಡಿದ ನಾಡದು. ಆದರೂ ಅಲ್ಲಿ ಪಾಠ ಮಾಡಬೇಕು, ಬಸ್ ನಿಲ್ದಾಣದಲ್ಲಿ, ಅಂಗಡಿಯಲ್ಲಿ, ಎಲ್ಲ ಕಡೆ ಕನ್ನಡ ಕೇಳಬೇಕು ಎಂದು ಎಷ್ಟು ಆಸೆಪಟ್ಟಿದ್ದೆ. ಮೊದಲು ಓಡಿಬಂದು ಹೇಳಿದ್ದು ನಿಮಗೇ. "ಹಾಕವಾ, ಹಾಕು" ಎಂದಿರಿ. ಫೋಟೋ ತೆಗೆಸಿದೆ, ಅಂಕಪಟ್ಟಿಗಳನ್ನು ಸ್ಕ್ಯಾನ್ ಮಾಡಿದೆ, ಕಿಟಕಿಯ ಪಕ್ಕದ ನನ್ನ ಹನ್ನೊಂದನೇ ಯಂತ್ರದ ಮುಂದೆ ಕೂತೆ. ಜಾಲತಾಣ ತೆರೆಯಲಿಲ್ಲ. ಬೆಳಿಗ್ಗೆ ಇಲ್ಲ, ಮಧ್ಯಾಹ್ನ ಇಲ್ಲ, ಮರುದಿನವೂ ಇಲ್ಲ. ನೀವು ಬಂದು ಹಿಂದೆ ನಿಂತಿರಿ. "ಸರ್ವರ್ ಕುಂತೈತವಾ. ಇಡೀ ರಾಜ್ಯದ ಮಂದಿ ಒಮ್ಮೆಲೇ ಬಡಕೋಳಾಕತ್ಯಾರ. ಸಮಾಧಾನ ಮಾಡು" ಎಂದಿರಿ. ಹತ್ತು ದಿನ ಸಮಾಧಾನ ಮಾಡಿದೆ. ಕೊನೆಯ ದಿನಾಂಕ ದಾಟಿತು.

ಅಸ್ಸಿ ಘಾಟಿನ ಸೈಬರ್ ಅಂಗಡಿಗೆ ಯಾಕೆ ಹೋಗಲಿಲ್ಲ ಎಂದು ಈಗ ನನ್ನನ್ನು ನಾನೇ ಕೇಳಿಕೊಳ್ಳುತ್ತೇನೆ. ಇಪ್ಪತ್ತು ನಿಮಿಷದ ದಾರಿ. ಈಗಿನ ಹಾಗೆ ಕೈಯಲ್ಲೇ ಇಂಟರ್‌ನೆಟ್ ಇರುವ ಫೋನ್ ಆಗ ನನ್ನ ಹತ್ತಿರ ಇರಲಿಲ್ಲ, ಸರಿ. ಕಾಲಂತೂ ಇದ್ದವು. ಆದರೆ ನೀವು ಸರ್ವರ್ ಕುಂತಿದೆ ಎಂದ ಮೇಲೆ ಅದು ಎದ್ದಿದೆಯೇ ಎಂದು ಇನ್ನೊಂದು ಕಡೆ ಹೋಗಿ ನೋಡುವುದು... ನಿಮ್ಮ ಮಾತಿನ ಮೇಲೆ ಪಂಚಾಯಿತಿ ಮಾಡಿದಂತೆ. ನಮ್ಮ ಮನೆಯಲ್ಲಿ ಅಂಥ ಅಭ್ಯಾಸವೇ ಇರಲಿಲ್ಲ. ಅವತ್ತು ಸಂಜೆ ನಾನು ಅತ್ತದ್ದು ನೋಡಿ ನೀವು ಎರಡು ಮಣ್ಣಿನ ಲೋಟದಲ್ಲಿ ಚಹಾ ತಂದಿರಿ, ನಿಮ್ಮದನ್ನು ಕುಡಿಯದೆ ಆರಲು ಬಿಟ್ಟಿರಿ. ಮತ್ತೊಮ್ಮೆ ಅಂಥ ಕರೆ ಬರುವಷ್ಟರಲ್ಲಿ ನನ್ನ ವಯಸ್ಸು ಮೀರಿತ್ತು.

ಕೊನೆಯ ದಿನಗಳಲ್ಲಿ ನಿಮ್ಮ ಹಾಸಿಗೆಯನ್ನು ಓದುಕೋಣೆಯ ಪಕ್ಕಕ್ಕೇ ಹಾಕಿದ್ದೆವು. ಮಧ್ಯಾಹ್ನದ ಬಿಸಿಲು ನಿಮ್ಮ ಪಾದದ ಮೇಲಿತ್ತು. ನನ್ನ ಕೈ ಹಿಡಿದು, "ಗಿರಿಜಾ, ಆ ಕಡತಕ್ಕ ಕೈ ಹಚ್ಚಬ್ಯಾಡ. ವಚನ ಕೊಡು" ಎಂದಿರಿ. ಕೊಟ್ಟೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಬಾಯಿ ತೆರೆದಿರಿ. "ಅದರಾಗ ಒಂದ..." ಎಂದಿರಿ, ಕೆಮ್ಮು ಬಂತು. ಒಂದು ಚಮಚ ಗಂಗಾಜಲ ಬಾಯಿಗೆ ಹಾಕಿದೆ. ನೀವು ತಲೆ ಅಲ್ಲಾಡಿಸಿದಿರಿ. ಬೇಡ ಎನ್ನುತ್ತಿದ್ದೀರೋ ಸಾಕು ಎನ್ನುತ್ತಿದ್ದೀರೋ ತಿಳಿಯಲಿಲ್ಲ. ಅದಾದ ಮೇಲೆ ನೀವು ಮಾತಾಡಲಿಲ್ಲ.

ನೀವು ಹೋದ ಮೇಲಿನ ಮೊದಲ ಬೇಸಿಗೆಯಲ್ಲಿ ಗದಗದಲ್ಲಿ ಅವ್ವನ ತಂಗಿಯ ಮಗಳ ಮದುವೆ. ಟಿಕೆಟ್ ತೆಗೆದಿದ್ದೆ, ಚೀಲ ಕಟ್ಟಿ ಇಟ್ಟಿದ್ದೆ. ಹೊರಡುವ ಹಿಂದಿನ ದಿನ ಪ್ರಾಕ್ಸಿ ನಿಂತಿತು. ಮಠದಲ್ಲಿದ್ದು ಓದುವ ವಿದ್ಯಾರ್ಥಿಗಳ ಪರೀಕ್ಷಾ ಅರ್ಜಿಯ ವಾರ ಅದು. ಎಬ್ಬಿಸಲು ನನ್ನ ಬಿಟ್ಟರೆ ಯಾರಿಗೂ ಬಾರದು. ಅವ್ವ ಒಬ್ಬಳೇ ಕಂಟೋನ್ಮೆಂಟ್ ಸ್ಟೇಷನ್ನಿನಿಂದ ರೈಲು ಹತ್ತಿದಳು. "ಯಾರ್ ಕಟ್ಟಿ ಹಾಕ್ಯಾರ ನಿನ್ನ? ಆ ಡಬ್ಬಿ ಏನ್ ನಿನ್ನ ಗಂಡೇನ?" ಎಂದು ಕಿಟಕಿಯಿಂದ ಬೈದಳು. ಮಂಗಗಳಿಗೆ ಹೆದರಿ ಮಠದ ಅಂಗಳಕ್ಕೆ ಮೇಲೆಲ್ಲ ಕಬ್ಬಿಣದ ಜಾಲರಿ ಹಾಕಿದ್ದಾರಲ್ಲ, ಅವತ್ತು ಅದರ ಕೆಳಗೆ ಕೂತು ಮೇಲೆ ನೋಡಿದೆ. ಒಂದು ಮಂಗ ಜಾಲರಿಯ ಮೇಲೆ ಕೂತು ಬಾಳೆಹಣ್ಣು ಸುಲಿಯುತ್ತ ನನ್ನನ್ನೇ ನೋಡುತ್ತಿತ್ತು. ಪಂಜರದಲ್ಲಿ ಇದ್ದವರು ಯಾರು ಎಂಬ ಬಗ್ಗೆ ಅದಕ್ಕೆ ಯಾವ ಅನುಮಾನವೂ ಇರಲಿಲ್ಲ.

ಹೋದ ವರ್ಷ ಮಠದ ಕಚೇರಿಗೆ ತಿವಾರಿ ಎಂಬ ಹೊಸ ವ್ಯವಸ್ಥಾಪಕರು ಬಂದರು. ರಾಮನಗರದವರು, ದಿನಾ ಸೇತುವೆ ದಾಟಿ ಸ್ಕೂಟರಿನಲ್ಲಿ ಬರುತ್ತಾರೆ, ಐವತ್ತು ದಾಟಿದವರು, ಬಾಯಲ್ಲಿ ಸದಾ ಪಾನ್. ಅಷ್ಟರಲ್ಲಿ ನಿಮ್ಮ ಪ್ರಾಕ್ಸಿ ಬಹಳ ಹಳತಾಗಿತ್ತು. ಹೊಸ ಜಾಲತಾಣಗಳು ಒಂದೊಂದಾಗಿ ಅದರ ಮೂಲಕ ತೆರೆಯುವುದನ್ನೇ ಬಿಟ್ಟವು, ವಿದ್ಯಾರ್ಥಿಗಳ ಅರ್ಜಿಗಳು ಅರ್ಧಕ್ಕೆ ನಿಲ್ಲತೊಡಗಿದವು. ತಿವಾರಿ ಕಂಟೋನ್ಮೆಂಟ್ ಕಡೆಯ ಯಾರನ್ನೋ ಕರೆಸಿದರು. ಅವನು ಬಂದು, ಇದನ್ನೆಲ್ಲ ಕಿತ್ತೆಸೆದು ಹೊಸ ಡಬ್ಬಿ ಕೂರಿಸೋಣ, ಹಳೆಯದು ಏನೂ ಉಳಿಯುವುದಿಲ್ಲ ಎಂದ. ಹೊಸದು ಹಾಕಿದರೆ ನಿಮ್ಮ ಕಡತ ಹೋಗುತ್ತದೆ, ಹಾಕದಿದ್ದರೆ ವಿದ್ಯಾರ್ಥಿಗಳ ವರ್ಷ ಹೋಗುತ್ತದೆ. ಅತ್ತ ದರಿ ಇತ್ತ ಪುಲಿ. ಮುಟ್ಟುವುದಿಲ್ಲ ಎಂದು ವಚನ ಕೊಟ್ಟವಳು ನಾನೊಬ್ಬಳು, ಮುಟ್ಟಬಲ್ಲವಳೂ ನಾನೊಬ್ಬಳೇ.

ಎರಡು ದಿನ ಯೋಚಿಸಿ ತಿವಾರಿಯವರಿಗೆ ಹೇಳಿದೆ: ನನಗೆ ಒಂದು ವಾರ ಕೊಡಿ, ಮೂಲದಿಂದಲೇ ಹೊಸದನ್ನು ಕಟ್ಟುತ್ತೇನೆ. "ಏಕ್ ಹಫ್ತಾ? ಠೀಕ್ ಬಾ" ಎಂದು ಒಪ್ಪಿದರು. ತಯಾರು ಪ್ಯಾಕೇಜ್ ಹಾಕಿದ್ದರೆ ಅದು ತನ್ನ ಕಡತವನ್ನು ತನ್ನದೇ ಬೇರೆ ಜಾಗದಲ್ಲಿ ಇಟ್ಟುಕೊಳ್ಳುತ್ತಿತ್ತು, ನಿಮ್ಮದು ಯಾರೂ ಕೇಳದೆ ಮೂಲೆಯಲ್ಲಿ ಬಿದ್ದಿರುತ್ತಿತ್ತು. ಮೊದಲು ನಿಮ್ಮ ಕಡತದ ಒಂದು ಪ್ರತಿ ಪೆನ್‌ಡ್ರೈವ್‌ಗೆ. ಯಂತ್ರವನ್ನು ನಂಬದೆ ಕಾಗದದ ಮೇಲೂ ಒಂದು ಪ್ರತಿ. ಪ್ರಿಂಟರಿನಿಂದ ಹದಿನೆಂಟು ಹಾಳೆ ಬಂದವು. ಒಂದನ್ನೂ ತಿರುವಿ ನೋಡದೆ ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟೆ, ವಚನ ವಚನವೇ. ಆಮೇಲೆ ಮೂಲ ಇಳಿಸಿದೆ, ಬಿಚ್ಚಿದೆ, ಹದಿಮೂರು ವರ್ಷದ ಹಿಂದೆ ನೀವು ಹೇಳಿದ್ದ ಅದೇ ಜಾಗವನ್ನು ಹೇಳಿದೆ, ಕಟ್ಟು ಎಂದೆ. ಸಾಲುಗಳು ಓಡತೊಡಗಿದವು. ನಾನೂ ಗಲ್ಲಕ್ಕೆ ಕೈ ಹಚ್ಚಿದ್ದೆ ಎಂದು ಆಮೇಲೆ ಗೊತ್ತಾಯಿತು.

ಕೊನೆಯ ಆಜ್ಞೆ, ಕಟ್ಟಿದ್ದನ್ನು ತಂದು ಕೂರಿಸುವುದು, ಒತ್ತುವ ಮೊದಲು ನನ್ನ ಬೆರಳು ಎಷ್ಟು ಹೊತ್ತು ನಿಂತಿತ್ತು ಗೊತ್ತೇ? ಹೊಸದು ಬಂದು ನಿಮ್ಮ ಕಡತದ ಮೇಲೆ ಕೂತುಬಿಟ್ಟರೆ? ಕಣ್ಣು ಮುಚ್ಚಿ ಒತ್ತಿದೆ. ತೆರೆದು ನೋಡಿದರೆ ನಿಮ್ಮ ಕಡತ ಇದ್ದ ಹಾಗೇ ಇದೆ. ನಿಮ್ಮ ಬೀಗವನ್ನು ಅದು ಅಲುಗಿಸಿಯೂ ನೋಡಿರಲಿಲ್ಲ. ಅಲ್ಲಿ ಮೊದಲೇ ಒಂದು ಕಡತ ಇದ್ದರೆ ಅದನ್ನು ಮುಟ್ಟದೆ, ತನ್ನ ಹೊಸ ಕಡತದ ಹೆಸರಿಗೆ ಬೇರೆ ಬಾಲ ಹಚ್ಚಿ ಪಕ್ಕದಲ್ಲಿ ಇಟ್ಟು ಸುಮ್ಮನಾಗುವುದು ಅದರ ರೀತಿಯಂತೆ. ಹಿರಿಯರಿದ್ದ ಮನೆಗೆ ಬಂದ ಸೊಸೆ ತನ್ನ ಟ್ರಂಕನ್ನು ಮೂಲೆಯಲ್ಲಿ ಇಟ್ಟ ಹಾಗೆ. ನಕ್ಕುಬಿಟ್ಟೆ. ಮೂರು ವರ್ಷ ಹೆದರಿದ್ದೆಲ್ಲ ಇದಕ್ಕೇ? ನೀವು ಇದನ್ನು ನನಗೆ ಹೇಳಿಯೇ ಇರಲಿಲ್ಲ. ನಿಮಗೆ ಗೊತ್ತಿರಲಿಲ್ಲವೇ? ಗೊತ್ತಿಲ್ಲದೆ ಹೇಗೆ...

ನಗು ಮುಗಿಯುವ ಮೊದಲೇ ಎರರ್ ಬಂತು. ಪೂರ್ತಿ ಓದಿದೆ. ನಿಮ್ಮ ಕಡತದ ಮೂರು ಸಾಲುಗಳಲ್ಲಿರುವ ಹಳೆಯ ಪದಗಳು ಹೊಸ ಪ್ರಾಕ್ಸಿಗೆ ಅರ್ಥವಾಗುತ್ತಿಲ್ಲ. ಅವನ್ನು ತಿದ್ದದೆ ಅದು ಏಳುವುದಿಲ್ಲ. ಅಂದರೆ ಕಡತ ಬಿಚ್ಚಲೇಬೇಕು. ಬೀಗ ತೆಗೆಯುವುದು ಒಂದು ಚಿಹ್ನೆಯ ಕೆಲಸ, ನೀವೇ ಕಲಿಸಿದ್ದು. ಕೈ ಬರಲಿಲ್ಲ. ಬುದ್ಧಿಯವರ ಹತ್ತಿರ ಹೋಗಿ ನಿಂತೆ. ಅವರು ಕಣ್ಣು ಕಿರಿದು ಮಾಡಿ ಕೇಳಿದರು: "ಪೋಥಿ ಹಾಳಾದ್ರ ಏನ್ ಮಾಡ್ತೀವಿ ನಾವು?" ಹೊಸ ಪ್ರತಿ ಮಾಡುತ್ತೇವೆ. ಒಬ್ಬರು ಹಳೆಯದನ್ನು ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ಕೂತು ಬರೆದುಕೊಳ್ಳುತ್ತಾರೆ, ಕೊನೆಯ ಸಾಲಿನ ತನಕ ತಾಳೆಯಾದ ಮೇಲೆ ಹಳೆಯದು ಗಂಗೆಗೆ. "ಹಂಗಾದ್ರ ಹಂಗ ಮಾಡವಾ. ಸತ್ತವರ ಮಾತು ಉಳಿಸೂದಂದ್ರ ಅವರ ಕಾಗದಾ ಕಾಯೂದಲ್ಲ" ಎಂದರು. ಓದುವವಳು ನಾನು, ಬರೆದುಕೊಳ್ಳುವವರು ತಿವಾರಿ. ನಿಮ್ಮ ಟಿಪ್ಪಣಿಗಳನ್ನು ಹಿಂದಿಗೆ ತಿರುಗಿಸಿ ಹೇಳುವುದು, ಅವರು ವಹಿಯಲ್ಲಿ ಬರೆದುಕೊಳ್ಳುವುದು. ನಾನಿಲ್ಲದ ದಿನ ಯಂತ್ರ ನಿಂತರೆ ಅವರು ನೋಡಿಕೊಳ್ಳಬಹುದು ಎಂಬ ಆಸೆ ಅವರಿಗೂ ಇತ್ತು, ಅವರಿಗಿಂತ ಹೆಚ್ಚಾಗಿ ನನಗಿತ್ತು.

ಗುರುವಾರ ಬೆಳಿಗ್ಗೆ ಕೆಂಪು ಬಟ್ಟೆ ಬಿಚ್ಚಿದೆವು. ಮೊದಲ ಹಾಳೆಯಲ್ಲೇ ನಿಮ್ಮ ದನಿ ಎದ್ದು ಬಂತು ಕಾಕಾ. "ಇಲ್ಲಿಂದ ಓದುಕೋಣೆ. ಪಾಪದ ಮಂದಿ, ಬಿಡ್ರಿ." "ಮೂರನೇ ಯಂತ್ರ ಕ್ರಿಕೆಟ್ ನೋಡ್ತೈತಿ. ಪರೀಕ್ಷೆ ಮುಗಿಯೂತನಕ ಬಂದ್." "ಇದು ಬುದ್ಧಿಯವರ ಯಂತ್ರ. ಯಾವ ತಡೀನೂ ಇಲ್ಲ. ಹೆಂಗೂ ಅವರಿಗೆ ಚಾಲೂ ಮಾಡಾಕ ಬರೂದಿಲ್ಲ." ನಾನು ಹಿಂದಿಯಲ್ಲಿ ಹೇಳಿದಂತೆ ತಿವಾರಿ ಹೊಟ್ಟೆ ಹಿಡಿದು ನಕ್ಕರು. "ಕಾಕಾಜೀ ತೋ ಗಜಬ್ ಆದ್ಮೀ ಥೇ" ಎಂದರು, ಭಲೇ ಮನುಷ್ಯ ಎಂದು. ಇಷ್ಟು ದಿನ ನಿಮ್ಮ ಈ ನಗುವನ್ನು ಬೀಗ ಹಾಕಿ ಇಟ್ಟಿದ್ದೆನಲ್ಲ ಎಂದು ನನಗೆ ಹೊಟ್ಟೆ ಉರಿಯಿತು. ಎಂಟು ಹಾಳೆ ಹಾಗೆ ನಗುತ್ತ ಓದಿದೆ. ಒಂಬತ್ತನೇ ಹಾಳೆ ಎತ್ತಿಕೊಂಡೆ.

"ಗಿರಿಜಾ" ಎಂದಿತ್ತು. "ಗಿರಿಜಾ. ಸದ್ಯಕ್ಕ. ಆಮ್ಯಾಲೆ ತಗೀಬೇಕು." ಅದರ ಕೆಳಗೆ, ಬೀಗ ಹಾಕಿದ ಎರಡು ವರ್ಷದ ಮೇಲೆ ನೀವೇ ಬಿಚ್ಚಿ ಸೇರಿಸಿದ ನಿಯಮ. ಹನ್ನೊಂದನೇ ಯಂತ್ರ. ಆ ಶಿಕ್ಷಕರ ನೇಮಕಾತಿಯ ಜಾಲತಾಣ. ಬಿಡಬೇಡ.

ನಾನು ಅದನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಸರ್ವರ್ ಕುಂತಿರಲಿಲ್ಲ. ಹತ್ತು ದಿನವೂ ಅದು ಎದ್ದೇ ಇತ್ತು, ಇಡೀ ರಾಜ್ಯದ ಮಂದಿ ಅರ್ಜಿ ಹಾಕುತ್ತಲೇ ಇದ್ದರು. ಮಠದ ಉಳಿದ ಹತ್ತೊಂಬತ್ತು ಯಂತ್ರಗಳಲ್ಲಿ ಯಾವುದರಲ್ಲಿ ಕೂತಿದ್ದರೂ ತೆರೆಯುತ್ತಿತ್ತು. ನನಗೊಬ್ಬಳಿಗೆ, ನನ್ನ ಕಿಟಕಿಗೊಂದಕ್ಕೆ ಮಾತ್ರ... "ಕಾ ಭಇಲ್, ದೀದೀ?" ಎಂದರು ತಿವಾರಿ, ಪೆನ್ನು ಎತ್ತಿ ಹಿಡಿದು. "ಆಗೇ ಬೋಲಿಯೇ." ಏನಾಯಿತು, ಮುಂದೆ ಹೇಳಿ ಎಂದು. "ಕುಛ್ ನಹೀಂ. ಯಹಾಂ ಖಾಲೀ ಹೈ" ಎಂದೆ. ಏನಿಲ್ಲ, ಇಲ್ಲಿ ಖಾಲಿ ಇದೆ. ಅವರು ವಹಿಯಲ್ಲಿ ನಾಲ್ಕು ಸಾಲಿನ ಜಾಗ ಬಿಟ್ಟರು. ಹಾಳೆ ತಿರುವಿ ಹತ್ತನೆಯದನ್ನು ಓದಿದೆ. ಹದಿನೆಂಟರ ತನಕ ಓದಿ ಮುಗಿಸಿದೆ. ನನಗೆ ಹೇಗೆ ಸಾಧ್ಯವಾಯಿತು ಎಂದು ಕೇಳಬೇಡಿ.

ಎದ್ದು ಅಸ್ಸಿಯ ತನಕ ನಡೆದೆ. ಅವತ್ತು ನಡೆಯಬೇಕಿದ್ದ ಇಪ್ಪತ್ತು ನಿಮಿಷವನ್ನು ಹನ್ನೊಂದು ವರ್ಷದ ಮೇಲೆ ನಡೆದೆ. ಆ ಸೈಬರ್ ಅಂಗಡಿ ಈಗ ಇಲ್ಲ, ಅಲ್ಲಿ ಬೋಂಡಾ ಕರಿಯುತ್ತಾರೆ. ಮೆಟ್ಟಿಲ ಮೇಲೆ ಕೂತು ನಿಮ್ಮನ್ನು ಬೈದೆ, ಬಾಯಿಬಿಟ್ಟು, ಕನ್ನಡದಲ್ಲಿ. ಸುತ್ತಲಿದ್ದವರು ಮಂತ್ರ ಎಂದುಕೊಂಡರೋ ಏನೋ, ಯಾರೂ ತಿರುಗಿ ನೋಡಲಿಲ್ಲ. ಯಾಕೆ ಮಾಡಿದಿರಿ? ಆ ವರ್ಷವೇ ನಿಮ್ಮ ಕಣ್ಣು ಮಂಜಾಗತೊಡಗಿತ್ತು, ಸಂಜೆ ಪತ್ರಿಕೆ ಓದಿ ಹೇಳುತ್ತಿದ್ದವಳು ನಾನು. "ಇಲ್ಲಾಂದ್ರ ಈ ಊರಾಗ ನಾ ಯಾರ ಕೂಡ ಮಾತಾಡ್ಲಿ?" ಅರ್ಥವಾಗುತ್ತದೆ. ಅರ್ಥವಾಗುವುದೇ ನನಗೆ ಸಂಕಟ. ಎಲ್ಲೆ ದಾಟುವುದಿಲ್ಲ ಎಂಬ ನೇಮ ನಿಮ್ಮದು, ನನಗೆ ಯಾಕೆ ಹಿಡಿಸಿದಿರಿ? ಇರವಾ ಗಿರಿಜಾ, ನನಗ ಯಾರೂ ಇಲ್ಲ ಎಂದಿದ್ದರೆ ಇರುತ್ತಿದ್ದೆನೋ ಏನೋ. ಕೇಳಬೇಕಿತ್ತು ಕಾಕಾ. ಒಂದು ಮಾತು ಕೇಳಬೇಕಿತ್ತು.

ಆರಿದ ಚಹಾ ನೆನಪಾಯಿತು. ಗಂಗಾಜಲ ಬೇಡವೆಂದು ತಲೆ ಅಲ್ಲಾಡಿಸಿದ್ದೂ ನೆನಪಾಯಿತು. "ಅದರಾಗ ಒಂದ..." ಒಂದು ಸಾಲು ಐತಿ ಎನ್ನಲು ಹೊರಟಿದ್ದಿರೇ? ಹಾಗೆಂದು ನಂಬಲು ನನಗೆ ಆಸೆ. ಹೊರಟಿದ್ದಿರಿ ಎಂದರೆ ಕೊನೆಗಾದರೂ ಹೇಳಬೇಕೆನಿಸಿತು ಎಂದಾಯಿತು. ಮುಟ್ಟಬ್ಯಾಡ ಎಂದು ವಚನ ತೆಗೆದುಕೊಂಡದ್ದೂ ಅದೇ ಬಾಯಿ ಎಂಬುದನ್ನೂ ಮರೆಯಲಾರೆ. ಎರಡೂ ನೀವೇ. ನನಗೆ ಅಕ್ಷರ ತಿದ್ದಿಸಿದ ಕೈಯೇ ಆ ನಿಯಮವನ್ನೂ ಬರೆಯಿತು.

ಅವತ್ತೇ ಸಂಜೆ, ತಿವಾರಿ ಮನೆಗೆ ಹೊರಡುವ ಮೊದಲು, ಯಂತ್ರದ ಮುಂದೆ ಕೂತೆ. ಬೀಗ ತೆಗೆದೆ. ಹೊಸ ಪ್ರಾಕ್ಸಿಗೆ ಅರ್ಥವಾಗದ ಮೂರು ಪದಗಳನ್ನು ತಿದ್ದಿದೆ. ಆಮೇಲೆ ಗಿರಿಜಾ ಎಂಬಲ್ಲಿಗೆ ಹೋಗಿ ಆ ನಾಲ್ಕು ಸಾಲುಗಳನ್ನು ಅಳಿಸಿ, ಅಷ್ಟೇ ಜಾಗವನ್ನು ಖಾಲಿ ಬಿಟ್ಟೆ. ತಿವಾರಿಗೆ ಹೇಳಿದ ಸುಳ್ಳನ್ನು ಹಾಗೆ ನಿಜ ಮಾಡಿದೆ. ಪೆನ್‌ಡ್ರೈವ್‌ನ ಪ್ರತಿಯನ್ನೂ ಅಳಿಸಿದೆ. ಪ್ರಾಕ್ಸಿ ಎದ್ದಿತು, ನಿಂತುಹೋಗಿದ್ದ ಅರ್ಜಿಗಳೆಲ್ಲ ಹೋದವು. ಕಡತಕ್ಕೆ ಮತ್ತೆ ಬೀಗ ಹಾಕಲಿಲ್ಲ. ಇನ್ನು ಮುಂದೆ ಯಾರು ನೋಡಿದರೂ ಅಲ್ಲಿ ಕಾಣುವುದು ಕ್ರಿಕೆಟ್ ನಿಲ್ಲಿಸಿದ, ಬುದ್ಧಿಯವರನ್ನು ಗೇಲಿ ಮಾಡಿದ, ಪಾಪದ ಮಂದಿಯನ್ನು ಬಿಟ್ಟ ಕಾಕಾ 'ಗಜಬ್ ಆದ್ಮೀ' ಮಾತ್ರ. ನಿಮ್ಮ ಮಾನ ಉಳಿಸಿದ್ದೇನೆ. ನನ್ನ ಸಿಟ್ಟು ನನ್ನ ನಿಮ್ಮ ನಡುವೆ ಇರಲಿ.

ವಹಿ ಬರೆದು ಮುಗಿದ ಮರುದಿನ ತಿವಾರಿ ಪಾನ್ ಉಗುಳಿ ಬಂದು, ರಾಮನಗರದಲ್ಲಿ ಅವರ ಮನೆಯ ಹತ್ತಿರದ ಹುಡುಗಿಯರ ಶಾಲೆಯೊಂದಕ್ಕೆ ಕಂಪ್ಯೂಟರ್ ಕಲಿಸುವವರು ಬೇಕಂತೆ, ಅಲ್ಲಿ ವಯಸ್ಸಿನ ತಕರಾರು ಇಲ್ಲ ಎಂದರು. ಕರ್ನಾಟಕವಲ್ಲ, ಕನ್ನಡ ಕೇಳುವುದಿಲ್ಲ, ಬರೀ ನದಿಯ ಆಚೆ ದಡ. ಆದರೂ ಹೋದವಾರ ಆಟೋದಲ್ಲಿ ಸೇತುವೆ ದಾಟಿ ಹೋಗಿ ಮಾತಾಡಿ ಬಂದೆ. ಆ ದಡದಲ್ಲಿ ಸತ್ತವರು ಕತ್ತೆಯಾಗುತ್ತಾರೆ ಎಂದು ನಮ್ಮ ಕಾಕಾ ಹೇಳುತ್ತಿದ್ದರು ಎಂದರೆ ತಿವಾರಿ ನಕ್ಕು, "ಹಮ್ ತೋ ಜೀತೇ ಜೀ ಗಧೇ ಹೈಂ, ದೀದೀ" ಎಂದರು. ನಾವು ಬದುಕಿದ್ದಾಗಲೇ ಕತ್ತೆಗಳು ಅಂತೆ. ಸೋಮವಾರದಿಂದ ನನ್ನ ಪಾಠ ಶುರು. ಅವ್ವ ಹೊಸ ಸೀರೆಗೆ ಫಾಲ್ ಹಚ್ಚುತ್ತಿದ್ದಾಳೆ, ಹನ್ನೊಂದು ವರ್ಷದಲ್ಲಿ ಮೊದಲ ಸಲ ನನ್ನನ್ನು ಬೈಯದೆ.

ಇನ್ನೊಂದು ಉಳಿಯಿತು. ಮಠದ ರೂಢಿಯಂತೆ ಹಳೆಯ ಪ್ರತಿಯನ್ನು ಗಂಗೆಗೆ ಬಿಡಬೇಕಲ್ಲ? ಇವತ್ತು ಬೆಳಿಗ್ಗೆ ಮಠದ ಘಾಟಿನಲ್ಲಿ ನಿಂತು, ಕೆಂಪು ಬಟ್ಟೆ ಬಿಚ್ಚಿ, ಒಂದೊಂದೇ ಹಾಳೆ ಬಿಟ್ಟೆ. ಶಾಯಿ ಕರಗುವ ತನಕ ನೋಡುತ್ತ ನಿಂತಿದ್ದೆ. ಹದಿನೇಳು ಹಾಳೆ. ನಿಮ್ಮ ಒಂಬತ್ತನೆಯದು ಬಿಡಲಿಲ್ಲ. ಅದನ್ನು ಮಡಿಸಿ ಶಾಲೆಯ ಚೀಲದೊಳಗೆ ಇಟ್ಟಿದ್ದೇನೆ, ಸೋಮವಾರ ಅದು ನನ್ನ ಜೊತೆ ಸೇತುವೆ ದಾಟುತ್ತದೆ, ನೀವು ಒಮ್ಮೆಯೂ ಕಾಲಿಡದ ದಡಕ್ಕೆ. ಕ್ಷಮಿಸಿದೆ ಎಂದು ಬರೆದು ಕಳಿಸಲು ಇನ್ನೂ ಕೈ ಬರುತ್ತಿಲ್ಲ. ಒಂದು ದಿನ ಬರಬಹುದು, ಬರುವುದೇ ಇಲ್ಲ ಎನ್ನಲಾರೆ. ಆ ದಿನ ಆ ಹಾಳೆಯನ್ನೂ ತಂದು ಇದೇ ಘಾಟಿನಲ್ಲಿ ಬಿಡುತ್ತೇನೆ, ಅದು ನನ್ನ ವಚನ. ಅಲ್ಲಿಯ ತನಕ ನೀವು ನನಗೆ ಬರೆದಿಟ್ಟ ಮಾತನ್ನೇ ನಿಮಗೂ ಬರೆಯುತ್ತೇನೆ.

ಕಾಕಾ. ಸದ್ಯಕ್ಕ. ಆಮ್ಯಾಲೆ ತಗೀತೀನಿ.

ನಿಮ್ಮ
ಗಿರಿಜಾ